ಹೊಸ ಮಾದರಿಯ ಕಾರು: ನೋಂದಣಿಗೆ ಮುಂಚೆ ನೋಡಬೇಕಾದದ್ದು

ಟಾಟಾ ಮೋಟಾರ್ಸ್ 2025ರ ಜೂನ್‌ನಲ್ಲಿ ತನ್ನ ಮುಂದಿನ ಪಟ್ಟಿಯನ್ನು ಬಿಚ್ಚಿಟ್ಟಿತು: 2030ರ ಹಣಕಾಸು ವರ್ಷದೊಳಗೆ 30 ಬಿಡುಗಡೆ, ಅವುಗಳಲ್ಲಿ ಏಳು ಹೊಸ ಮಾದರಿ. ಹೊಸ ಕಾರಿನ ಸುದ್ದಿ ಬಂದಾಗಲೆಲ್ಲ ಪರಿಚಿತರು ಕೇಳುವ ಪ್ರಶ್ನೆ ಒಂದೇ: “ತೆಗೆದುಕೊಂಡರೆ ಸರ್ವೀಸ್ ಸೆಂಟರಿಗೆ ಅಲೆಯಬೇಕಾಗುತ್ತದೆಯೇ?” ಕಂಪನಿ ಯಾವುದೇ ಇರಲಿ, ಬಿಡುಗಡೆಯಾದ ಮೊದಲ ಆರು ತಿಂಗಳು ಹೊಸ ಮಾದರಿಯನ್ನು ಕೊಳ್ಳಬೇಡಿ. ತಡೆಯಲಾಗದವರು ಹೀಗೆ ಮಾಡಿ.

1. ಹೆಸರನ್ನು ಬಿಟ್ಟು ಎಂಜಿನ್ ನೋಡಿ. ಟಾಟಾದ ಸಿಯೆರಾ 1991ರ ಹೆಸರು; 2025ರ ನವೆಂಬರ್‌ನಲ್ಲಿ ಬಂದದ್ದು ಬೇರೆಯೇ ಕಾರು. ಅದರ 1.5 ಲೀಟರ್ ಡೀಸೆಲ್ ಎಂಜಿನ್ ಟಾಟಾದ್ದೇ ಇನ್ನೊಂದು ಕಾರು ಕರ್ವ್‌ನಲ್ಲಿ ಆಗಲೇ ಓಡುತ್ತಿತ್ತು, ಟರ್ಬೊ ಪೆಟ್ರೋಲ್ ಹೊಸದು. ನಾನಾದರೆ ಓಡಿ ಪಳಗಿದ್ದನ್ನೇ ಆರಿಸುತ್ತೇನೆ. ಭಾರತ್ ಎನ್‌ಕ್ಯಾಪ್‌ನ ಐದು ನಕ್ಷತ್ರ ಅಪಘಾತದ ಸುರಕ್ಷತೆಯನ್ನು ಹೇಳುತ್ತದೆ, ಬಾಳಿಕೆಯನ್ನಲ್ಲ.

2. ಶೋರೂಮ್‌ಗಿಂತ ಮೊದಲು ಸರ್ವೀಸ್ ಸೆಂಟರಿಗೆ ಹೋಗಿ. ಬೆಳಿಗ್ಗೆ ಕಾರು ಬಿಡಲು ಬಂದವರನ್ನು ಮಾತನಾಡಿಸಿ. ಹೆಡ್‌ಲ್ಯಾಂಪ್ ಒಡೆದರೆ ಬರಲು ಎಷ್ಟು ದಿನ ಎಂದು ಕೇಳಿ.

3. ವಾರಂಟಿಯ ಸಣ್ಣಕ್ಷರ ಓದಿ. ಟಾಟಾದ ವಿದ್ಯುತ್ ಕಾರು ಹ್ಯಾರಿಯರ್ ಇವಿಯ ಬ್ಯಾಟರಿಗೆ ‘ಜೀವಾವಧಿ’ ಎಂದರೆ 15 ವರ್ಷ, ಅದೂ ಮೊದಲ ಮಾಲೀಕರಿಗೆ.

4. ನೋಂದಣಿಗೆ ಮುಂಚೆ ನಿಮ್ಮ ಕಾರನ್ನು ನೀವೇ ಪರೀಕ್ಷಿಸಿ. ಹೆಚ್ಚಿನವರು ಎಡವುವುದು ಇಲ್ಲೇ. ಕಳೆದ ಮಳೆಗಾಲದಲ್ಲಿ ನಮ್ಮ ಬೀದಿಯವರೊಬ್ಬರು ಹಾರ ಹಾಕಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಕಾರು ತಂದರು. ಮೂರನೇ ದಿನ ಹಿಂದಿನ ಸೀಟಿನ ಮುಂದಿದ್ದ ಮ್ಯಾಟ್ ಎತ್ತಿದರೆ ಕೆಳಗೆಲ್ಲ ನೀರು. ನೋಂದಣಿ ಮುಗಿದಿತ್ತು, ಬೇರೆ ಕಾರು ಕೊಡಲು ಡೀಲರ್ ಒಪ್ಪಲಿಲ್ಲ.

ಆದ್ದರಿಂದ ಪೂರ್ತಿ ಹಣ ಕಟ್ಟುವ ಮೊದಲೇ ಡೀಲರ್ ಹೊಸ ಕಾರುಗಳನ್ನು ನಿಲ್ಲಿಸುವ ಯಾರ್ಡ್‌ಗೆ ಹೋಗಿ. ಹಗಲಿನಲ್ಲೇ ಹೋಗಿ, ಶೋರೂಮಿನ ದೀಪದ ಕೆಳಗೆ ಬಣ್ಣದ ವ್ಯತ್ಯಾಸ ಕಾಣುವುದಿಲ್ಲ. ಕಾರಿನ ಮೇಲಿರುವ 17 ಅಕ್ಷರ-ಅಂಕಿಗಳ ಚಾಸಿ ಸಂಖ್ಯೆಯನ್ನು ಬಿಲ್ಲಿನೊಂದಿಗೆ ಒಂದೊಂದಾಗಿ ಹೋಲಿಸಿ. ಟೈರಿನ ಅಂಚಿನಲ್ಲಿ 2325 ಎಂದಿದ್ದರೆ ಅದು 2025ರ 23ನೇ ವಾರದ ಟೈರು. ಸ್ಟೆಪ್ನಿಯೂ ಸೇರಿ ಐದರಲ್ಲಿ ಒಂದರ ದಿನಾಂಕ ಮಾತ್ರ ದೂರವಿದ್ದರೆ ಕಾರಣ ಕೇಳಿ. ಎಂಜಿನ್ ಬಿಸಿಯಿದ್ದರೆ ನಿಮಗಿಂತ ಮೊದಲೇ ಯಾರೋ ಚಾಲೂ ಮಾಡಿದ್ದಾರೆ. ತಣ್ಣಗಾದ ಮೇಲೆ ನೀವೇ ಚಾಲೂ ಮಾಡಿ. ಎಸಿ ಹಾಕಿ ಇಪ್ಪತ್ತು ನಿಮಿಷ ಒಳಗೆ ಕುಳಿತುಕೊಳ್ಳಿ. ಆ ಹೊತ್ತಿನಲ್ಲಿ ನಿಮ್ಮದೇ ಫೋನನ್ನು ಪರದೆಗೆ ಜೋಡಿಸಿ, ನಾಲ್ಕೂ ಗಾಜು, ಕ್ಯಾಮೆರಾ, ಸೆನ್ಸರ್ ಎಲ್ಲವನ್ನೂ ಎರಡೆರಡು ಸಲ ಪರೀಕ್ಷಿಸಿ. ಇಂದಿನ ಕಾರುಗಳಲ್ಲಿ ಸಾಫ್ಟ್‌ವೇರ್ ತಕರಾರೂ ಕಡಿಮೆಯಿಲ್ಲ. ಕೊನೆಗೆ ಪೈಪಿನಿಂದ ಮೇಲೆಲ್ಲ ನೀರು ಹಾಯಿಸಿ, ಮ್ಯಾಟ್‌ಗಳನ್ನೂ ಡಿಕ್ಕಿಯ ಹಾಸನ್ನೂ ಎತ್ತಿ ಕೈಯಿಂದ ಒತ್ತಿ ನೋಡಿ. ತೇವವಿದ್ದರೆ ಬೇರೆ ಕಾರು ಕೇಳಿ. “ಸರಿಮಾಡಿ ಕೊಡುತ್ತೇವೆ ಸಾರ್” ಎಂಬ ಮಾತಿಗೆ ಒಪ್ಪಬೇಡಿ.

ಹೊರಗಡೆ ಅಗ್ಗದ ಎಲ್‌ಇಡಿ ಬಲ್ಬ್, ಹಾರ್ನ್ ಹಾಕಿಸಲು ಹೋಗಬೇಡಿ. ವೈರ್ ಕತ್ತರಿಸಿದರೆ ವಿದ್ಯುತ್ ಭಾಗಗಳ ವಾರಂಟಿ ಕೈತಪ್ಪಬಹುದು.

5. ಮೊದಲ ತಿಂಗಳಲ್ಲಿ ಕಂಡ ದೋಷ ಸಣ್ಣದಾದರೂ ಸರ್ವೀಸ್ ಸೆಂಟರಿನ ಜಾಬ್ ಕಾರ್ಡ್‌ನಲ್ಲಿ (ಕೆಲಸದ ಚೀಟಿ) ಬರೆಸಿ, ಪ್ರತಿ ಇಟ್ಟುಕೊಳ್ಳಿ. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರದ ರೀಕಾಲ್ (ದೋಷವಿರುವ ವಾಹನಗಳನ್ನು ಕಂಪನಿ ವಾಪಸ್ ಕರೆಸಿ ಸರಿಮಾಡುವುದು) ನಿಯಮವು ಏಳು ವರ್ಷದೊಳಗಿನ ವಾಹನಗಳಿಗೆ ಅನ್ವಯಿಸುತ್ತದೆ. ಸುರಕ್ಷತೆಯ ದೋಷವಿದ್ದರೆ ಸಾರಿಗೆ ಸಚಿವಾಲಯದ ಪೋರ್ಟಲ್‌ನಲ್ಲೂ ದೂರು ದಾಖಲಿಸಿ. ಒಂದೇ ಮಾದರಿಯ ಬಗ್ಗೆ ಬಂದ ದೂರುಗಳ ಸಂಖ್ಯೆ ನಿಗದಿತ ಮಿತಿ ದಾಟಿದರೆ ಕಂಪನಿಯಿಂದ ರೀಕಾಲ್ ಮಾಡಿಸುವ ಅಧಿಕಾರ ಸರ್ಕಾರಕ್ಕಿದೆ. ಬಾಯಿಮಾತಿನ ದೂರು ಆ ಲೆಕ್ಕಕ್ಕೆ ಸೇರುವುದಿಲ್ಲ.