ಬಾಟಲಿ ಡೈವರ್: ಮುಳುಗಿಸುವುದು ಸುಲಭ, ಮೇಲೆಬ್ಬಿಸುವುದೇ ಕಷ್ಟ

ಶಾಲೆಯ ವಿಜ್ಞಾನ ವಸ್ತುಪ್ರದರ್ಶನ ಅಂದಮೇಲೆ ಜ್ವಾಲಾಮುಖಿ, ಮಳೆನೀರು ಕೊಯ್ಲಿನ ಜೊತೆ ಒಂದು ನೀರು ತುಂಬಿದ ಬಾಟಲಿಯೂ ಇದ್ದೇ ಇರುತ್ತದೆ. ಔಷಧಿ ಹನಿಸಲು ಬಳಸುವ, ತಲೆಗೆ ರಬ್ಬರ್ ಬುರುಡೆ ಇರುವ ಡ್ರಾಪರ್ ಒಳಗೆ ತೇಲುತ್ತಿರುತ್ತದೆ. ಬಾಟಲಿ ಅದುಮಿದರೆ ಅದು ಕೆಳಗಿಳಿಯಬೇಕು, ಕೈ ಸಡಿಲಿಸಿದರೆ ಮೇಲೆ ಬರಬೇಕು. ಕಾರ್ಟೀಸಿಯನ್ ಡೈವರ್ ಅನ್ನುವುದು ಇದಕ್ಕೇ; ಮುಳುಗಿ ಏಳುವ ಆ ಡ್ರಾಪರೇ ಡೈವರ್. ಆದರೆ ಬಹಳ ಸಲ ಆಗುವುದೇ ಬೇರೆ. ಹುಡುಗ ಹಲ್ಲು ಕಚ್ಚಿ ಅದುಮುತ್ತಾನೆ, ಡ್ರಾಪರ್ ಜಗ್ಗುವುದಿಲ್ಲ. ಇಲ್ಲವೇ ಒಮ್ಮೆ ತಳ ಸೇರಿದ್ದು ಅಲ್ಲೇ ಕೂತುಬಿಡುತ್ತದೆ. ಆಮೇಲೆ "ಬೆಳಗ್ಗೆ ಮನೇಲಿ ಸರಿಯಾಗೇ ಇತ್ತು ಸರ್" ಅನ್ನುವ ಮಾತು.

ಅವನು ಸುಳ್ಳು ಹೇಳುತ್ತಿಲ್ಲ. ಎಲ್ಲರೂ ಬಣ್ಣದ ನೀರು, ಥರ್ಮಾಕೋಲು, ಚಾರ್ಟು ಅಂತ ಸಮಯ ಕಳೆಯುತ್ತಾರೆ. ಡ್ರಾಪರಿನೊಳಗೆ ಎಷ್ಟು ನೀರಿದೆ, ಎಷ್ಟು ಗಾಳಿ ಇದೆ ಅಂತ ನೋಡುವುದಿಲ್ಲ. ಎಲ್ಲ ಇರುವುದು ಅಲ್ಲೇ, ಅದೂ ಒಂದು ಹನಿಯ ಲೆಕ್ಕದಲ್ಲಿ.

ಸಾಮಾನು

ತಂಪು ಪಾನೀಯದ ಎರಡು ಲೀಟರ್ ಬಾಟಲಿಯನ್ನೇ ತೆಗೆದುಕೊಳ್ಳಿ. ಗ್ಯಾಸಿನ ಒತ್ತಡ ತಡೆಯಬೇಕಲ್ಲ, ಅದಕ್ಕೇ ಗಟ್ಟಿಯಾಗಿ, ದುಂಡಗೆ ಮಾಡಿರುತ್ತಾರೆ. ಅದುಮಿ ಬಿಟ್ಟರೆ ಥಟ್ಟನೆ ಮೊದಲಿನಂತಾಗುತ್ತದೆ. ಕುಡಿಯುವ ನೀರಿನ ತೆಳು ಬಾಟಲಿ ಬೇಡ. ಒಮ್ಮೆ ತಗ್ಗು ಬಿದ್ದರೆ ತಗ್ಗಾಗಿಯೇ ಉಳಿಯುತ್ತದೆ, ಡೈವರ್ ಕೂಡ ತಳದಲ್ಲೇ ಉಳಿಯುತ್ತದೆ.

ಡ್ರಾಪರ್ ಗಾಜಿನದೇ ಆಗಬೇಕು. ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಗಾಜಿನ ಸಾಂದ್ರತೆ ನೀರಿನ ಸುಮಾರು ಎರಡೂವರೆ ಪಟ್ಟು, ಹಾಗಾಗಿ ನೆಟ್ಟಗೆ ನಿಂತು ತೇಲುತ್ತದೆ. ಪ್ಲಾಸ್ಟಿಕ್ ಡ್ರಾಪರ್ ನೀರಿಗಿಂತ ಹಗುರ. ಅದಕ್ಕೆ ತಂತಿ ಸುತ್ತಿ ಭಾರ ಮಾಡಬೇಕು, ಸುಮ್ನೆ ತಲೆನೋವು. ಪೆನ್ನಿನ ಕ್ಯಾಪಿನಲ್ಲಿ ಮಾಡುವವರಿದ್ದಾರೆ. ಮಗು ಅಕಸ್ಮಾತ್ ನುಂಗಿದರೂ ಉಸಿರಾಡಲಿ ಅಂತ ಅನೇಕ ಕ್ಯಾಪುಗಳ ತುದಿಯಲ್ಲಿ ತೂತು ಬಿಟ್ಟಿರುತ್ತಾರೆ. ಅದನ್ನು ಎಂ-ಸೀಲಿನಿಂದ ಮುಚ್ಚದಿದ್ದರೆ ಗಾಳಿಯೆಲ್ಲ ಅಲ್ಲಿಂದಲೇ ಹೋಗುತ್ತದೆ. ಚಪಾತಿ ಹಿಟ್ಟು ಮೆತ್ತಿದವರನ್ನೂ ನೋಡಿದ್ದೇನೆ. ಅರ್ಧ ಗಂಟೆಯಲ್ಲಿ ಬಾಟಲಿ ತುಂಬ ಗಂಜಿ.

ಹಂತ 1. ಹಿಂದಿನ ರಾತ್ರಿಯೇ ಬಾಟಲಿಗೆ ನೀರು ತುಂಬಿ ತೆರೆದಿಡಿ. ನಲ್ಲಿಯಿಂದ ಆಗತಾನೆ ಹಿಡಿದ ನೀರಿನಲ್ಲಿ ಗಾಳಿ ಕರಗಿರುತ್ತದೆ. ಅದು ಸಣ್ಣ ಗುಳ್ಳೆಗಳಾಗಿ ಡ್ರಾಪರಿಗೆ ಅಂಟಿಕೊಂಡು ಲೆಕ್ಕವನ್ನೆಲ್ಲ ಕೆಡಿಸುತ್ತದೆ.

ಹಂತ 2: ಹನಿ ಹೊಂದಿಸುವುದು. ಇದನ್ನು ಬಾಟಲಿಯಲ್ಲಿ ಮಾಡಲು ಹೋಗಬೇಡಿ. ಎತ್ತರದ ಗಾಜಿನ ಲೋಟದಲ್ಲಿ, ಅದೇ ಬಾಟಲಿಯ ನೀರಿನಲ್ಲಿ ಮಾಡಿ. ಬೇರೆ ನೀರಿನ ಬಿಸಿ ಬೇರೆ ಇರುತ್ತದೆ.

ಮೊದಲು ರಬ್ಬರ್ ಬುರುಡೆಯನ್ನು ಪೂರ್ತಿ ಒದ್ದೆ ಮಾಡಿ. ಒಣ ರಬ್ಬರನ್ನು ನೀರಿನ ಮೇಲ್ಮೈಯೇ ಹಿಡಿದು ನಿಲ್ಲಿಸುತ್ತದೆ, ಮುಳುಗಬೇಕಾದ್ದೂ ತೇಲಿದಂತೆ ಕಾಣುತ್ತದೆ. ಹೊರಮೈಗೆ ಅಂಟಿದ ಗುಳ್ಳೆಗಳನ್ನು ಬೆರಳಿನಿಂದ ಒರೆಸಿ. ಈಗ ಡ್ರಾಪರಿನ ತುದಿ ನೀರಿನಲ್ಲಿರುವಾಗ ಬುರುಡೆಯನ್ನು ಸ್ವಲ್ಪವೇ ಒತ್ತಿ ಬಿಡಿ. ಒಂದೆರಡು ಗುಳ್ಳೆ ಹೋಗುತ್ತದೆ, ಅಷ್ಟು ನೀರು ಒಳಗೆ ಬರುತ್ತದೆ. ಕೈಬಿಟ್ಟು ನೋಡಿ. ತೇಲುತ್ತದೆ. ಮತ್ತೆ ಸ್ವಲ್ಪ ಒತ್ತಿ, ಮತ್ತೆ ನೋಡಿ. ಹೀಗೇ ಮಾಡುತ್ತಾ ಹೋದರೆ ಒಂದು ಹೊತ್ತಿನಲ್ಲಿ ಡ್ರಾಪರ್ ಮೆಲ್ಲಗೆ ಮುಳುಗುತ್ತದೆ. ಧೊಪ್ಪನೆ ಬಿದ್ದರೆ ನೀರು ಜಾಸ್ತಿಯಾಗಿದೆ, ಪೂರ್ತಿ ಖಾಲಿ ಮಾಡಿ ಮೊದಲಿನಿಂದ ಶುರು ಮಾಡಿ. ಮೆಲ್ಲಗೆ ಇಳಿದರೆ ಸರಿ. ಹೊರಗೆ ತೆಗೆದು, ನೆಟ್ಟಗೆ ಹಿಡಿದು, ಒಂದೇ ಒಂದು ಹನಿ ಬೀಳಿಸಿ. ಬುರುಡೆ ಬಿಟ್ಟಾಗ ಆ ಹನಿಯ ಜಾಗಕ್ಕೆ ಗಾಳಿ ಹೋಗುತ್ತದೆ. ಮತ್ತೆ ಲೋಟಕ್ಕೆ ಬಿಡಿ. ಬುರುಡೆಯ ನೆತ್ತಿ ಉಗುರಿನ ದಪ್ಪದಷ್ಟು ಮಾತ್ರ ನೀರಿನ ಮೇಲೆ ಕಾಣಬೇಕು. ಬೆರಳಿನಿಂದ ತಟ್ಟಿದರೆ ಒಳಗೆ ಹೋಗಿ ನಿಧಾನಕ್ಕೆ ಮೇಲೆ ಬರಬೇಕು.

ಒಂದೇ ಹನಿ ಯಾಕೆ? ಸಾಮಾನ್ಯವಾಗಿ 20 ಹನಿ ಸೇರಿದರೆ 1 ಮಿಲಿಲೀಟರ್. ಡ್ರಾಪರಿನಲ್ಲಿ 1 ಮಿಲಿಲೀಟರ್ ಗಾಳಿ ಇದೆ ಅಂದುಕೊಳ್ಳಿ. ಡೈವರ್ ಮುಳುಗಲು ಒಂದು ಹನಿ ನೀರು ಒಳಗೆ ಬರಬೇಕು, ಅಂದರೆ ಗಾಳಿ ಶೇ 5ರಷ್ಟು ಕುಗ್ಗಬೇಕು. ಒತ್ತಡ ಹೆಚ್ಚಿದಷ್ಟೂ ಅನಿಲದ ಗಾತ್ರ ಅದೇ ಲೆಕ್ಕದಲ್ಲಿ ಕಡಿಮೆಯಾಗುತ್ತದೆ ಅನ್ನುವುದು ಬಾಯ್ಲ್ ನಿಯಮ. ಅದರ ಪ್ರಕಾರ ನೀವು ಒತ್ತಡವನ್ನು ಸುಮಾರು ಶೇ 5 ಏರಿಸಿದರೆ ಸಾಕು, ಅಂಗೈಗೆ ಅದೇನೂ ಕಷ್ಟವಲ್ಲ. ಐದು ಹನಿಯಷ್ಟು ಗಾಳಿ ಹೆಚ್ಚಿಗೆ ಬಿಟ್ಟಿದ್ದರೆ? ಒತ್ತಡ ಸುಮಾರು ಶೇ 30 ಏರಬೇಕು. ಹಲ್ಲು ಕಚ್ಚಿ ಅದುಮಿದ ಹುಡುಗನ ಕಷ್ಟ ಇದೇ.

ಹಾಗಂತ ಅರ್ಧ ಹನಿಗೆ ಇಳಿಸಿ ಜಾಣತನ ಮಾಡಬೇಡಿ. ವಾತಾವರಣದ ಒತ್ತಡ ಸುಮಾರು 10.3 ಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. ಎರಡು ಲೀಟರ್ ಬಾಟಲಿಯಲ್ಲಿ ನೀರು ಸುಮಾರು 30 ಸೆಂಟಿಮೀಟರ್ ಆಳ ಇರುತ್ತದೆ. ಅಂದರೆ ಮೇಲಿಗಿಂತ ತಳದಲ್ಲಿ ಒತ್ತಡ ಶೇ 3ರಷ್ಟು ಹೆಚ್ಚು. ಅರ್ಧ ಹನಿ ಒಳಗೆ ಹೋಗಲು ಶೇ 2.5 ಸಾಕು. ಹಾಗಾಗಿ ತಳ ಮುಟ್ಟಿದ ಡೈವರ್ ನೀವು ಕೈ ತೆಗೆದರೂ ಏಳುವುದಿಲ್ಲ, ಆಳದ ನೀರೇ ಅದನ್ನು ಹಿಡಿದಿಟ್ಟಿರುತ್ತದೆ. ಮೇಲೆ ತೇಲುತ್ತಿದ್ದಾಗ ಎಲ್ಲ ಸರಿಯಾಗೇ ಕಂಡಿರುತ್ತದೆ, ಅದೇ ತಮಾಷೆ.

ಕೆಲವರು ಇಂಥ ಡೈವರನ್ನು ಎಬ್ಬಿಸಲು ನೀರಿಗೆ ಉಪ್ಪು ಹಾಕುತ್ತಾರೆ. ಉಪ್ಪುನೀರಿನ ಸಾಂದ್ರತೆ ಜಾಸ್ತಿ, ಏಳುವುದೇನೋ ಏಳುತ್ತದೆ. ಆದರೆ ಎಷ್ಟು ಹಾಕಬೇಕು ಅಂತ ಗೊತ್ತಾಗುವುದಿಲ್ಲ. ಹೊಸದಾಗಿ ಹನಿ ಹೊಂದಿಸುವುದೇ ವಾಸಿ.

ಹಂತ 3. ಡ್ರಾಪರನ್ನು ಬಾಟಲಿಗೆ ಬಿಡುವಾಗ ಗಾಜಿನ ಕೊಳವೆ ಹಿಡಿಯಿರಿ, ಬುರುಡೆ ಹಿಡಿಯಬೇಡಿ. ಕತ್ತಿನಲ್ಲಿ ತೂರಿಸುವಾಗ ಬುರುಡೆ ಒತ್ತಿಹೋಗಿ ಆ ಒಂದು ಹನಿ ಅಲ್ಲೇ ಬೀಳುತ್ತದೆ. ಕಷ್ಟಪಟ್ಟು ಹೊಂದಿಸಿದ್ದೆಲ್ಲ ಹೆಚ್ಚಾಗಿ ಹಾಳಾಗುವುದು ಇಲ್ಲೇ.

ಹಂತ 4. ಬಾಟಲಿಯನ್ನು ಕಂಠಮಟ್ಟ ತುಂಬಿಸಿ ಮುಚ್ಚಳ ಹಾಕಿ. ಮೇಲೆ ಗಾಳಿ ಉಳಿದರೆ ನೀವು ಅದುಮಿದಾಗ ಅದೂ ಕುಗ್ಗಬೇಕಾಗುತ್ತದೆ, ಶ್ರಮ ದಂಡ. ಮುಚ್ಚಳ ಬಿಗಿ ಮಾಡುತ್ತಿದ್ದಂತೆ ಡೈವರ್ ತಾನೇ ಇಳಿದರೆ ಗಾಬರಿ ಬೇಡ. ಮುಚ್ಚಳ ಸಡಿಲಿಸಿ ಒಂಚೂರು ನೀರು ಚೆಲ್ಲಿ.

ಕೇಳಿದರೆ ಏನು ಹೇಳಬೇಕು

"ಒತ್ತಡ ಡ್ರಾಪರನ್ನು ಕೆಳಗೆ ತಳ್ಳುತ್ತದೆ" ಅಂತ ಚಾರ್ಟಿನಲ್ಲಿ ಬರೆಯಬೇಡಿ. ಅದು ತಪ್ಪು. ಮುಚ್ಚಿಟ್ಟ ದ್ರವಕ್ಕೆ ಒಂದು ಕಡೆ ಕೊಟ್ಟ ಒತ್ತಡ ಎಲ್ಲ ಕಡೆಗೂ ಅಷ್ಟೇ ಹರಡುತ್ತದೆ. ವಿಜ್ಞಾನಿ ಪ್ಯಾಸ್ಕಲ್ ಹೇಳಿದ್ದು ಇದನ್ನೇ. ಡ್ರಾಪರಿನ ಮೇಲೂ ಕೆಳಗೂ ಒತ್ತಡ ಹೆಚ್ಚಿದ ಮೇಲೆ ತಳ್ಳುವುದೆಲ್ಲಿಂದ ಬಂತು? ದ್ರವದಲ್ಲಿ ಕಣಗಳು ಒತ್ತೊತ್ತಾಗಿರುತ್ತವೆ, ನೀರು ಕುಗ್ಗುವುದಿಲ್ಲ ಅಂತಲೇ ಹೇಳಬಹುದು. ಅನಿಲದ ಕಣಗಳ ನಡುವೆ ಬೇಕಾದಷ್ಟು ಜಾಗವಿದೆ, ಡ್ರಾಪರಿನ ಗಾಳಿ ಕುಗ್ಗುತ್ತದೆ. ಆ ಜಾಗಕ್ಕೆ ನೀರು ನುಗ್ಗುತ್ತದೆ. ಡ್ರಾಪರಿನ ಒಟ್ಟು ಗಾತ್ರ ಅಷ್ಟೇ, ತೂಕ ಹೆಚ್ಚಾಯಿತು. ಸರಾಸರಿ ಸಾಂದ್ರತೆ ಘನ ಸೆಂಟಿಮೀಟರಿಗೆ 1 ಗ್ರಾಂ ದಾಟಿತು, ಮುಳುಗಿತು. ಕೊಳವೆಯೊಳಗಿನ ನೀರಿನ ಮಟ್ಟಕ್ಕೆ ಮಾರ್ಕರಿನಿಂದ ಗೆರೆ ಎಳೆದಿಡಿ. ಅದುಮಿದಾಗ ನೀರು ಗೆರೆ ದಾಟುವುದು ಕಣ್ಣಿಗೇ ಕಾಣುತ್ತದೆ.

ಸಾಸ್ ಪ್ಯಾಕೆಟ್ಟನ್ನೇ ಬಾಟಲಿಗೆ ತುರುಕುವ ಅಡ್ಡದಾರಿ ನನಗೆ ಹಿಡಿಸದಿರುವುದು ಇದಕ್ಕೇ. ಗೋಬಿ ಮಂಚೂರಿ ಜೊತೆ ಕೊಡುವ ಪ್ಯಾಕೆಟ್ಟುಗಳಲ್ಲಿ ಕೆಲವು ತೇಲುತ್ತವೆ, ಅವು ಕೆಲಸವನ್ನೂ ಮಾಡುತ್ತವೆ. ಆದರೆ ಒಳಗೆ ಏನು ನಡೆಯಿತು ಅಂತ ಯಾರಿಗೂ ಕಾಣುವುದಿಲ್ಲ. ಮನೆಯಲ್ಲಿ ತಮ್ಮ ತಂಗಿಯರಿಗೆ ತೋರಿಸಲು ಪರವಾಗಿಲ್ಲ.

ಜಲಾಂತರ್ಗಾಮಿಯ ಚಿತ್ರ ಅಂಟಿಸುವುದಾದರೆ ಒಂದು ವ್ಯತ್ಯಾಸ ತಿಳಿದಿರಲಿ. ಅದು ಟ್ಯಾಂಕುಗಳಿಗೆ ನೀರು ತುಂಬಿಕೊಂಡು ಇಳಿಯುತ್ತದೆ, ಸಿಲಿಂಡರಿನ ಗಾಳಿಯಿಂದ ಆ ನೀರನ್ನು ಹೊರಗೆ ತಳ್ಳಿ ಏಳುತ್ತದೆ. ಹೊರಗಿನಿಂದ ಯಾರೂ ಅದುಮುವುದಿಲ್ಲ. ಇನ್ನು ಈ ಡೈವರನ್ನು ಕಂಡುಹಿಡಿದವರು ಯಾರು ಅಂತ ಕೇಳಿದರೆ, ಕಾರ್ಟೀಸಿಯನ್ ಅನ್ನುವ ಹೆಸರು ನೋಡಿ ಫ್ರಾನ್ಸಿನ ತತ್ವಜ್ಞಾನಿ ಡೆಕಾರ್ಟ್ ಅಂದುಬಿಡಬೇಡಿ. 1648ರಲ್ಲಿ ಇದನ್ನು ವಿವರಿಸಿ ಬರೆದದ್ದು ಇಟಲಿಯ ರಾಫೆಲ್ಲೊ ಮಾಜಿಯೊಟ್ಟಿ.

ಪ್ರದರ್ಶನದ ದಿನ

ಮನೆಯಲ್ಲಿ ಹೊಂದಿಸಿದ್ದನ್ನು ನಂಬಬೇಡಿ. ಬೆಳಗಿನ 20 ಡಿಗ್ರಿ ನೀರು ಮಧ್ಯಾಹ್ನ ತಗಡಿನ ಶೀಟಿನ ಹಾಲ್‌ನಲ್ಲಿ 30 ಡಿಗ್ರಿ ಆದರೆ ಡ್ರಾಪರಿನ ಗಾಳಿ ಶೇ 3ಕ್ಕಿಂತ ಜಾಸ್ತಿ ಹಿಗ್ಗುತ್ತದೆ. ಅರ್ಧ ಹನಿಗಿಂತ ಹೆಚ್ಚಾಯಿತಲ್ವಾ! ಊರು ಬದಲಾದರೂ ಇದೇ ಗೋಳು. ಮಂಗಳೂರಿನಲ್ಲಿ ಹೊಂದಿಸಿದ ಡೈವರನ್ನು ಸಾವಿರ ಮೀಟರಿಗೂ ಎತ್ತರದ ಮಡಿಕೇರಿಗೆ ಒಯ್ದು ಮುಚ್ಚಳ ತೆರೆದರೆ, ಅಲ್ಲಿ ವಾಯುಭಾರ ಶೇ 10ಕ್ಕೂ ಮೀರಿ ಕಡಿಮೆ ಇರುತ್ತದೆ. ಎರಡು ಹನಿಗೂ ಮೀರಿ ತಪ್ಪುತ್ತದೆ.

ಲೋಟ ಜೊತೆಗಿರಲಿ. ಸ್ಟಾಲಿನಲ್ಲಿ ಬಾಟಲಿ ಇಟ್ಟು ಒಂದು ಗಂಟೆ ಬಿಟ್ಟು, ಅಲ್ಲೇ ಹಂತ 2 ಮತ್ತೊಮ್ಮೆ ಮಾಡಿ. ಬಾಟಲಿಯನ್ನು ಕಿಟಕಿಯ ಬಿಸಿಲಿಗೆ ಇಡಬೇಡಿ. ಡ್ರಾಪರ್ ಎರಡು ಒಯ್ಯಿರಿ, ಒದ್ದೆ ಕೈಯಲ್ಲಿ ಗಾಜು ಜಾರುತ್ತದೆ.