ಜಾಮ್ ಆಗಿದ್ದ ಗ್ಲೋ ಇಂಜಿನ್ ತಿರುಗಿದ್ದು ಹೀಗೆ

ಮಂಗಳೂರಿನ ಮಳೆಗಾಲ ಮುಗಿದ ಮೇಲೆ ನನ್ನ ಮಾಡೆಲ್ ವಿಮಾನದ 6.5 ಸಿಸಿ ಗ್ಲೋ ಇಂಜಿನ್ (ಮೆಥನಾಲ್ ಇಂಧನದಲ್ಲಿ ಓಡುವ ಪುಟ್ಟ ಇಂಜಿನ್) ಅಲ್ಲಾಡಲೇ ಇಲ್ಲ. ಇಂಧನದಲ್ಲಿದ್ದ ಹರಳೆಣ್ಣೆ ಒಳಗೆ ಗೋಂದಿನಂತೆ ಅಂಟಿತ್ತು. ಬಲವಂತ ಮಾಡಿದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಗ್ಗಬಹುದು. ಹಾಗಾಗಿ ಹೀಟ್ ಗನ್ ಹಿಡಿದೆ, ನಿಧಾನಕ್ಕೆ ಬಿಟ್ಟುಕೊಂಡಿತು.

ಆದರೆ ಕರಕರ ಸದ್ದು. ಬೇರಿಂಗ್ ತುಕ್ಕು ಹಿಡಿದಿತ್ತು. ಮೆಥನಾಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಕರಾವಳಿಯಲ್ಲಿ ತೇವಕ್ಕೇನು ಬರ ಅಲ್ವಾ? ಎಲ್ಲ ಬಿಚ್ಚಿ, ತೊಳೆದು ಒಣಗಿಸಿ, ಇಂಜಿನ್ನಿನ ಹೊರಕವಚವಾದ ಖಾಲಿ ಕ್ರ್ಯಾಂಕ್‌ಕೇಸನ್ನು ಹಳೇ ಓವನ್‌ನಲ್ಲಿ 150 ಡಿಗ್ರಿಗೆ ಕಾಯಿಸಿದೆ. (ಅಡುಗೆಯ ಓವನ್ ಬೇಡ, ಮನೆಯಲ್ಲಿ ಜಗಳ ಗ್ಯಾರಂಟಿ.) ಕೇಸಿನ ಅಲ್ಯೂಮಿನಿಯಂ ಬೇರಿಂಗಿನ ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತದೆ. ಮರದ ಹಲಗೆಗೆ ತಟ್ಟಿದ ಕೂಡಲೇ ಹಿಂದಿನ ಬೇರಿಂಗ್ ಉದುರಿತು. ಹೊಸದನ್ನು ಫ್ರೀಜರ್‌ನಲ್ಲಿಟ್ಟು, ಬಿಸಿ ಕೇಸಿಗೆ ಇಳಿಸಿದೆ. ಸುತ್ತಿಗೆ ಬೇಕಾಗಲೇ ಇಲ್ಲ.

ಈಗ ಹಾರಿಸಿದ ದಿನವೇ ಉಳಿದ ಇಂಧನ ಉರಿಸಿ ಮುಗಿಸಿ, ತುಕ್ಕು ಹಿಡಿಯದಂತೆ ಆಫ್ಟರ್‌ರನ್ ಆಯಿಲ್ ಹನಿಸಿಡುತ್ತೇನೆ.