ಭುಜದ ಸ್ನಾಯುರಜ್ಜು ನೋವು: ದೋಟಿ ಹಿಡಿಯುವವರಿಗೆ ನನ್ನ ಅನುಭವ

ಕೈಯನ್ನು ಪಕ್ಕದಿಂದ ಮೇಲೆತ್ತುವಾಗ ಸುಮಾರು 60ರಿಂದ 120 ಡಿಗ್ರಿಯ ನಡುವೆ ಭುಜದ ಹೊರಬದಿ ಚುಳ್ಳೆನ್ನುತ್ತಿತ್ತು. ಅದರಾಚೆ ನೋವು ತಗ್ಗುತ್ತಿತ್ತು. ಆ ಮಗ್ಗುಲಿಗೆ ಮಲಗಿದರೆ ನಿದ್ದೆಯಿಲ್ಲ. ಕಾಸರಗೋಡಿನ ಬದಿಯಡ್ಕದ ಕಡೆ ದೋಟಿ (ಕೊಯ್ಲಿನ ಉದ್ದ ಕೋಲು) ಎತ್ತಿ ಅಡಿಕೆ ಕೊಯ್ಯುವವರಿಗೆ ಇದು ಹೊಸತಲ್ಲ.

ಎಣ್ಣೆ, ಶಾಖ, ನೋವಿನ ಮಾತ್ರೆ ಎಲ್ಲವೂ ಆ ಹೊತ್ತಿಗಷ್ಟೇ. ಕೈ ಕಟ್ಟಿಕೊಂಡು ಕುಳಿತರೆ ಬಿಗಿತ ಹೆಚ್ಚಿತು. ಕುತ್ತಿಗೆಯ ಎಕ್ಸ್‌ರೇ ಏನನ್ನೂ ಹೇಳಲಿಲ್ಲ.

ಮೂಳೆ ತಜ್ಞರು ಮೊದಲು ನೋಡಿದ್ದು, ನಾನು ಎತ್ತಿದರೆ ನೋಯುವ ಕೈ ಅವರು ಎತ್ತಿದರೆ ಪೂರ್ತಿ ಮೇಲೆ ಹೋಗುತ್ತದೆಯೇ ಎಂದು. ಹೋಯಿತು. ಹೋಗದಿದ್ದರೆ ಫ್ರೋಝನ್ ಶೋಲ್ಡರ್, ಅಂದರೆ ಭುಜದ ಕೀಲೇ ಬಿಗಿದುಕೊಳ್ಳುವ ತೊಂದರೆಯ ಅನುಮಾನ. ಮಧುಮೇಹಿಗಳಲ್ಲಿ ಅದು ಹೆಚ್ಚು. ಅಲ್ಟ್ರಾಸೌಂಡ್‌ನಲ್ಲಿ ಸುಪ್ರಾಸ್ಪೈನೇಟಸ್ ರಜ್ಜು (ಕೈಯನ್ನು ಪಕ್ಕದಿಂದ ಎತ್ತಲು ನೆರವಾಗುವ ಭುಜದ ಸ್ನಾಯುವನ್ನು ಮೂಳೆಗೆ ಸೇರಿಸುವ ಪಟ್ಟಿ) ದಪ್ಪಗಾಗಿತ್ತು, ಹರಿದಿರಲಿಲ್ಲ.

ಗುಣ ಕೊಟ್ಟದ್ದು ವ್ಯಾಯಾಮದ ಕ್ರಮ. ಮೊದಲೆರಡು ವಾರ ಮೊಣಕೈಯನ್ನು 90 ಡಿಗ್ರಿ ಮಡಚಿ, ಪಕ್ಕೆಗೂ ಮೊಣಕೈಗೂ ನಡುವೆ ಬೈರಾಸು (ಟವೆಲು) ಮಡಚಿಟ್ಟು, ಮಣಿಕಟ್ಟಿನ ಹಿಂಬದಿಯನ್ನು ಗೋಡೆಗೆ ಒತ್ತಿ 30 ಸೆಕೆಂಡು ಹಿಡಿಯುವುದು, 5 ಬಾರಿ. ಭುಜ ಕಿವಿಯತ್ತ ಏರಬಾರದು. ಬೈರಾಸು ಕೆಳಗೆ ಬಿತ್ತೆಂದರೆ ಭಂಗಿ ತಪ್ಪಿತೆಂದೇ ಲೆಕ್ಕ. ಆಮೇಲೆ ಕಿಟಕಿಯ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ, ಅದೇ ಭಂಗಿಯಲ್ಲಿ ಹೊರಕ್ಕೆಳೆದು, ಮೂರು ಎಣಿಸುತ್ತ ನಿಧಾನವಾಗಿ ಬಿಡುವುದು: 15ರಂತೆ 3 ಸುತ್ತು, ದಿನ ಬಿಟ್ಟು ದಿನ. ನೋವು ಹತ್ತರಲ್ಲಿ ನಾಲ್ಕು ದಾಟಿದರೆ, ಇಲ್ಲವೇ ಮರುದಿನ ಬೆಳಗ್ಗೆಯೂ ಉಳಿದರೆ, ಪಟ್ಟಿ ಸಡಿಲಿಸಬೇಕು. ಒಟ್ಟು 12 ವಾರ ಬೇಕು. ತಿಂಗಳಿಗೇ ಬಿಟ್ಟು ಚುಚ್ಚುಮದ್ದು ಕೇಳುವವರೇ ಜಾಸ್ತಿ. ದೋಟಿ ಹಿಡಿಯುವುದು ಎಲ್ಲಕ್ಕಿಂತ ಕೊನೆಗೆ.

ಬಿದ್ದ ಮೇಲೆ ಕೈ ಮೇಲೇಳದಿದ್ದರೆ ಈ ವ್ಯಾಯಾಮ ಬೇಡ. ಕೂಡಲೇ ತಜ್ಞರಿಗೆ ತೋರಿಸಬೇಕು.